ಮುಳುಗುವ ಮರ, ತೇಲುವ ಮರ

ಮೀಟರ್ ಎಂದರೆ ನಮ್ಮ ಬೀದಿಯವರಿಗೆ ಯಂತ್ರವಲ್ಲ, ಮನುಷ್ಯ. ನೀರು ಸರಬರಾಜು ಕಚೇರಿಯಿಂದ ಬಂದು ಮನೆಮನೆಯ ನೀರಿನ ಮೀಟರು ಓದುವ ಕೆಲಸ. ಇಪ್ಪತ್ತೇಳು ವರ್ಷದಿಂದ ಅದೇ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಗೇಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಬ್ಬಿಣದ ಮುಚ್ಚಳ ಎತ್ತಿ, ಜೇಡರಬಲೆ ಸರಿಸಿ, ಗಾಜನ್ನು ಹೆಬ್ಬೆರಳಲ್ಲಿ ಒರೆಸಿ, ಅಂಕಿ ಬರೆದುಕೊಂಡು ಎದ್ದುಹೋಗುತ್ತಿದ್ದ. ಹಾಗಾಗಿ ಜನಕ್ಕೆ ಅವನ ಮುಖಕ್ಕಿಂತ ನೆತ್ತಿಯ ಪರಿಚಯವೇ ಹೆಚ್ಚು. ಅದು ತೆಳ್ಳಗಾಗುತ್ತಾ ಬಂದದ್ದನ್ನು ಇಡೀ ಬೀದಿ ತಿಂಗಳಿಗೊಮ್ಮೆ ತಪ್ಪದೆ ಓದಿಕೊಂಡಿತ್ತು. ವಯಸ್ಸು ಐವತ್ತೆರಡು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, ಎರಡು ಸಲ ಹೋಗಿದ್ದೆ, ಬಾಗಿಲು ಹಾಕಿತ್ತು, ಎಂದು ಕಚೇರಿಯ ಭಾಷೆಯಲ್ಲೇ ವರದಿ ಒಪ್ಪಿಸುತ್ತಿದ್ದ.

ವಾರದ ಆರು ದಿನ ಊರಿನ ನೀರನ್ನು ಅಳೆಯುವ ಈ ಮನುಷ್ಯ ಏಳನೆಯ ದಿನ ಯಾವ ಮೀಟರಿಗೂ ಸಿಗದ ನೀರಿಗೆ ಇಳಿಯುತ್ತಿದ್ದ. ಸಮುದ್ರಕ್ಕೆ. ಕೈಯಲ್ಲಿ ಈಟಿಕೋವಿ. ಕವಣೆಗೂ ಬಂದೂಕಿಗೂ ಹುಟ್ಟಿದ ಕೂಸು ಅದು: ತೋಳಿಗಿಂತ ಒಂದಿಷ್ಟು ಉದ್ದದ ಮರದ ದಿಂಡು, ಅದರ ಬೆನ್ನಿನ ಮೇಲೆ ಕೊರೆದ ಗೀರಿನಲ್ಲಿ ಮಲಗಿದ ಉಕ್ಕಿನ ಈಟಿ, ಮೂತಿಗೆ ಕಟ್ಟಿದ ದಪ್ಪ ರಬ್ಬರು, ಹಿಡಿಯ ಬಳಿ ಬೆರಳಲ್ಲಿ ಎಳೆದರೆ ಈಟಿಯನ್ನು ಬಿಡುವ ಕುದುರೆ. ಮದ್ದಿಲ್ಲದ ಕೋವಿ, ಅದರ ಹುಚ್ಚು ಹತ್ತಿದವರಿಗೂ ಮದ್ದಿಲ್ಲ. ಉಸಿರು ಕಟ್ಟಿ ಮುಳುಗಬೇಕು, ಬಂಡೆಯ ಸಂದಿಯಲ್ಲಿ ಮೀನು ಕಾಣಬೇಕು, ಹೊಡೆಯಬೇಕು, ಉಸಿರು ಮುಗಿಯುವುದರೊಳಗೆ ಮೇಲೆ ಬರಬೇಕು.

ಇದು ಇಬ್ಬರ ಆಟ. ಒಬ್ಬ ಕೆಳಗೆ ಹೋದರೆ ಇನ್ನೊಬ್ಬ ಮೇಲೆ ತೇಲುತ್ತಾ ಕೋವಿಗೆ ಕಟ್ಟಿದ ಹಗ್ಗವನ್ನು ಕೈಯಲ್ಲಿ ಹಿಡಿದು, ಕೆಳಗಿನವನ ಕ್ಷಣಗಳನ್ನು ಎಣಿಸುತ್ತಿರಬೇಕು. ಬೇರೆ ಕಡೆ ಹಗ್ಗಕ್ಕೆ ತೇಲುಬುರುಡೆ ಕಟ್ಟಿ ಬಿಡುತ್ತಾರಂತೆ. ಇಲ್ಲಿ ಬಂಡೆಗಳು ಹೆಚ್ಚು. ಅಲೆಗೆ ಸಿಕ್ಕ ಬುರುಡೆ ಹಗ್ಗವನ್ನು ಎಲ್ಲೆಲ್ಲೋ ಎಳೆದು ಸಿಕ್ಕಿಸುತ್ತದೆ. ಅದಕ್ಕೇ ಕೈ ಬೇಕು. ಹೀಗಾಗಿ ಇಬ್ಬರಿಗೆ ಒಂದೇ ಕೋವಿ ಸಾಕಾಗುತ್ತಿತ್ತು.

ಮೀಟರನ ಜೊತೆಗಾರ ಮಾರುಕಟ್ಟೆ ಬೀದಿಯ ಕ್ಷೌರಿಕ. ಇಪ್ಪತ್ತು ವರ್ಷ ಪ್ರತಿ ಭಾನುವಾರ ಅವರಿಬ್ಬರೂ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿಟ್ಟು ನೀರಿಗಿಳಿದರು. ಆಮೇಲೆ ಒಂದು ದಿನ ಕ್ಷೌರಿಕನ ಬಲಗಿವಿಯ ತಮಟೆ ಹರಿಯಿತು. ಡಾಕ್ಟರು, ಇನ್ನು ತಲೆಗೆ ನೀರು ಹಾಕಿಕೊಳ್ಳುವಾಗಲೂ ಹತ್ತಿ ಇಟ್ಟುಕೋ ಎಂದರು. ಸಮುದ್ರದ ಅಳತೆಗೆ ಹತ್ತಿ ಸಿಗುವುದಿಲ್ಲ.

ಅವತ್ತು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಮೀಟರ್ ತನ್ನ ಜೀವಮಾನದ ದೊಡ್ಡ ತಪ್ಪು ಮಾಡಿದ. ಗೆಳೆಯನ ಮುಖ ನೋಡಲಾರದೆ, ಕೋವಿ ನಿನ್ನ ಹತ್ತಿರವೇ ಇರಲಿ ಬಿಡು, ನೀನಿಲ್ಲದೆ ನನಗೇಕೆ, ಎಂದುಬಿಟ್ಟ. ಇಂಥ ಮಾತಿಗೆ ಎದುರಿನವರು ಬೇಡ ಬೇಡ ಎನ್ನುವುದು ವಾಡಿಕೆ. ಕ್ಷೌರಿಕನಿಗೆ ಆಗ ಒಂದೇ ಕಿವಿ ಕೇಳುತ್ತಿದ್ದರೂ ಈ ಮಾತು ಚೆನ್ನಾಗಿ ಕೇಳಿಸಿತು. ಮಾರನೆಯ ದಿನವೇ ಕೋವಿ ಅಂಗಡಿಯ ಕನ್ನಡಿಯ ಮೇಲೆ ಎರಡು ಮೊಳೆಯ ಆಸರೆಯಲ್ಲಿ ನೇತಾಡಿತು.

ಮೀಟರ್ ತಿಂಗಳಿಗೊಮ್ಮೆ ಅಲ್ಲಿ ತಲೆ ಕೊಟ್ಟು ಕೂರುತ್ತಿದ್ದ. ಮಾತಾಡಲು ಏನೂ ಇರುತ್ತಿರಲಿಲ್ಲ. ಯೋಚಿಸಿದರೆ ಮೊದಲೂ ಇರಲಿಲ್ಲ: ಇಪ್ಪತ್ತು ವರ್ಷ ಇಬ್ಬರೂ ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿಕೊಂಡೇ ಸ್ನೇಹ ಮಾಡಿದವರು. ನೆಲದ ಮೇಲೆ ಆ ಸ್ನೇಹಕ್ಕೆ ಕಾಲೇ ಬರಲಿಲ್ಲ. ಕತ್ತರಿ ಕಚಕಚ ಎನ್ನುತ್ತಿತ್ತು. ಶಾರ್ಟಾ, ಮೀಡಿಯಮ್ಮಾ ಎಂದು ಕ್ಷೌರಿಕ ಕೇಳುತ್ತಿದ್ದ. ಉಳಿದಿರುವುದರಲ್ಲಿ ಏನು ಬೇಕಾದರೂ ಮಾಡು ಎಂದು ಮೀಟರ್ ಹೇಳುತ್ತಿದ್ದ. ಇಬ್ಬರೂ ಕನ್ನಡಿಯಲ್ಲಿ ಕೋವಿಯನ್ನು ನೋಡದಿರುವಂತೆ ನೋಡುತ್ತಿದ್ದರು.

ಮೀಟರನ ಕೋಣೆ ಬೀಗ ರಿಪೇರಿ ಅಂಗಡಿಯೊಂದರ ಮಹಡಿಯ ಮೇಲೆ. ಒಂದು ಕಿಟಕಿ, ಒಂದು ಮಂಚ, ಒಂದು ತಟ್ಟೆ. ಬಾಗಿಲ ಹಿಂದೆ ಮೊಳೆಗೆ ನೀರುಕನ್ನಡಕ. ಅದರ ಗಾಜಿನ ಮೇಲೆ ಎಂಟು ತಿಂಗಳ ಧೂಳು ಕೂತಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೇ ಎಚ್ಚರವಾಗುತ್ತಿತ್ತು. ಶರ್ಟು ಇಸ್ತ್ರಿ ಮಾಡಿದರೆ ಏಳು ಗಂಟೆ. ಚಪ್ಪಲಿ ಒರೆಸಿದರೆ ಏಳೂಕಾಲು. ಆಮೇಲೆ ಸಂಜೆಯ ತನಕ ದಿನ ಬಿದ್ದಿರುತ್ತಿತ್ತು.

ಎರಡು ಓಣಿ ಆಚೆಗಿದ್ದ ಅಕ್ಕನ ಮನೆಗೆ ಹೋದರೆ ಅಲ್ಲಿ ಮೀನಿನದೇ ಮಾತು. ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ದಿನದಿಂದ ಅಕ್ಕ ಮೀನು ಬಿಟ್ಟಿದ್ದಳು. ತಮ್ಮನೂ ಬಿಡಲಿ ಎಂಬುದು ಅವಳ ಆಸೆ. "ಮೀನು ಬೇಕಿದ್ರೆ ಮಾರ್ಕೆಟ್ಟಲ್ಲಿ ಇದೆಯಲ್ಲೋ. ಸತ್ತೇ ಇರುತ್ತೆ, ಹೊಡೆಯೋ ಶ್ರಮ ಕೂಡ ಇಲ್ಲ" ಎಂದಳು. ಬೇಕಾದದ್ದು ಮೀನಲ್ಲ ಎಂದು ಅವನಿಗೆ ಹೇಳಲಾಗಲಿಲ್ಲ. ನೀರಿನೊಳಗೆ ಒಬ್ಬನೇ ಇರುವುದು ಒಂದು ಬಗೆ. ಕೋಣೆಯೊಳಗೆ ಒಬ್ಬನೇ ಇರುವುದು ಇನ್ನೊಂದು. ಮೊದಲನೆಯದಕ್ಕೆ ಮೇಲೊಬ್ಬ ಎಣಿಸುತ್ತಿರುತ್ತಾನೆ.

ಒಂಬತ್ತನೆಯ ತಿಂಗಳಲ್ಲಿ ಅವನು ತೊಟ್ಟಿ ಮೇಸ್ತ್ರಿಯ ಬಳಿ ಹೋದ.

ತೊಟ್ಟಿ ಮೇಸ್ತ್ರಿ ಹೊಟ್ಟೆಪಾಡಿಗೆ ಬಾಗಿಲು ಕಿಟಕಿ ಮಾಡುವ ಬಡಗಿ, ಪ್ರೀತಿಗೆ ಕೋವಿ ಮಾಡುವವನು. ಬಂದರಿನ ಆಚೆ ತಗಡಿನ ಸೂರಿನ ಕೆಳಗೆ ಅವನ ಕಾರ್ಖಾನೆ. ನಡುವೆ ಮೈಯುದ್ದದ ಸಿಮೆಂಟು ತೊಟ್ಟಿ. ಅದರಲ್ಲಿದ್ದದ್ದು ನಲ್ಲಿ ನೀರಲ್ಲ. ನಲ್ಲಿ ನೀರಿಗಿಂತ ಉಪ್ಪು ನೀರು ಮರವನ್ನು ಹೆಚ್ಚು ಮೇಲಕ್ಕೆತ್ತುತ್ತದೆ ಎಂದು ವಾರಕ್ಕೊಮ್ಮೆ ಕ್ಯಾನುಗಳಲ್ಲಿ ಸಮುದ್ರವನ್ನೇ ತಂದು ತುಂಬಿಸುತ್ತಿದ್ದ. ಕೋವಿಗೆ ಹಾಕುವ ಪ್ರತಿ ಮರದ ಪಟ್ಟಿಯೂ ಆ ತೊಟ್ಟಿಯಲ್ಲಿ ಮಲಗಿ ತನ್ನ ಗುಣ ತೋರಿಸಬೇಕು.

ಅವನ ಕಾರ್ಖಾನೆಯ ಕಟ್ಟಳೆ ಎರಡೇ. ಒಂಟಿಯಾಗಿ ನೀರಿಗಿಳಿಯುವವರಿಗೆ ಅವನು ಕೋವಿ ಮಾಡುತ್ತಿರಲಿಲ್ಲ. ಮತ್ತೆ, ರಬ್ಬರು ಆರಿಸುವುದು ಕೆಳಗೆ ಹೋಗುವವನು, ಮರ ಆರಿಸುವುದು ಮೇಲೆ ಹಗ್ಗ ಹಿಡಿಯುವವನು. ಕೋವಿಯ ಹಿಂಬದಿಯನ್ನು ಎದೆಗೊತ್ತಿ ರಬ್ಬರು ಎಳೆದು ಹೂಡುವಾಗ ನೋಯುವುದು ಒಬ್ಬನ ಎದೆ. ಮರದ ಭಾರ ಹೊರುವುದು ಇನ್ನೊಬ್ಬನ ಕೈ. ಹಾಗಾಗಿ ಮೇಸ್ತ್ರಿ ಮೊದಲು ಕೇಳಿದ್ದೇ, ಹಗ್ಗ ಯಾರು ಹಿಡೀತಾರೆ, ಎಂದು. ಇದ್ದಾನೆ, ನಮ್ಮ ಆಫೀಸಿನವನು, ಎಂದುಬಿಟ್ಟ ಮೀಟರ್. ಹಾಗಿದ್ದರೆ ಮರದ ದಿನ ಕರಕೊಂಡು ಬಾ, ಅಲ್ಲಿತನಕ ನಿನ್ನ ಪಾಲಿನದನ್ನು ಆರಿಸು, ಎಂದ ಮೇಸ್ತ್ರಿ.

ನಾಲ್ಕು ಭಾನುವಾರ ಅದಕ್ಕೇ ಆಯಿತು. ಆ ನಾಲ್ಕು ಭಾನುವಾರಗಳಲ್ಲಿ ಮೀಟರನ ಬಟ್ಟೆಗಳು ಇಸ್ತ್ರಿಯಿಲ್ಲದೆ ಉಳಿದವು. ಮೊದಲ ವಾರ ರಬ್ಬರು. ಒಂದೊಂದು ಕೊಳವೆಯನ್ನೂ ಬೆಳಕಿಗೆ ಹಿಡಿದು ಎಳೆದು, ಒಳಗೆ ಕೂದಲೆಳೆಯ ಬಿರುಕಿದೆಯೇ ನೋಡಿ, ಮೂಸಿ, ಎಳೆದದ್ದನ್ನು ಬಿಟ್ಟಾಗ ಎಷ್ಟು ಬೇಗ ಹಿಂದಿರುಗುತ್ತದೆ ಎಂದು ಎಣಿಸುವುದು. ಅವನು ಎರಡು ದಪ್ಪ ರಬ್ಬರು ಆರಿಸಿದ. ಎದೆಗೂಡು ನೋವಾಗಿ ಸೋಮವಾರವೆಲ್ಲ ಬಗ್ಗಿ ಮೀಟರು ಓದುವಾಗ ಅಯ್ಯಪ್ಪಾ ಎಂದ. ಎರಡನೆಯ ವಾರ ಈಟಿ. ಮೇಸ್ತ್ರಿ ಅಯಸ್ಕಾಂತ ಮುಟ್ಟಿಸಿ, ಮಂಡಿಯ ಮೇಲೆ ಬಾಗಿಸಿ ಬಿಟ್ಟು, ನೇರವಾಗಿ ಹಿಂದಿರುಗಿದ್ದನ್ನು ಮಾತ್ರ ಒಳಗಿಟ್ಟ. ಬಾಗಿದ್ದು ಬಾಗಿಯೇ ಉಳಿದರೆ ಅದು ಉಕ್ಕಲ್ಲ, ನಮ್ಮಂಥವರ ಬೆನ್ನು, ಎಂದ. ಮೂರನೆಯ ವಾರ ಕುದುರೆ ಮತ್ತು ಹಿಡಿ. ನಾಲ್ಕನೆಯ ವಾರ ಆರಿಸಲು ಏನೂ ಇರಲಿಲ್ಲ. ಆದರೂ ಮೀಟರ್ ಹೋಗಿ ಮರದ ಪುಡಿ ಗುಡಿಸಿಕೊಟ್ಟು ಬಂದ.

ಐದನೆಯ ವಾರ ಜೊತೆಗಾರ ಬೇಕಾಯಿತು. ಮೀಟರ್ ತನ್ನ ಕಚೇರಿಯ ಸ್ಟೋರ್‌ಕೀಪರನನ್ನು ಹೊರಡಿಸಿದ. ಬಕೆಟ್ಟಿಗಿಂತ ಆಳದ ನೀರು ಕಾಣದ ಗುಂಡು ಮನುಷ್ಯ. ಪೈಪುಗಳ ಲೆಕ್ಕ ಬಿಟ್ಟರೆ ನೀರಿನ ಜೊತೆ ಬೇರೆ ವ್ಯವಹಾರ ಇಲ್ಲ. ಕಪ್ಪಗಿರೋ ಮರ ತೋರಿಸಿ ಇದು ಅನ್ನು, ಅಷ್ಟೇ ಕೆಲಸ, ಎಂದು ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಿದ್ದಾಯಿತು.

ಮೇಸ್ತ್ರಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ನೀರಲ್ಲಿ ಎಷ್ಟು ಹೊತ್ತು ಇರ್ತೀರಿ?" ಎಂದು ಕೇಳಿದ.

ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. "ಗೀಸರ್ ಇದ್ರೆ ಹತ್ತು ನಿಮಿಷ" ಎಂದ ಸ್ಟೋರ್‌ಕೀಪರ್.

ಮೀಟರ್ ಕೆಮ್ಮಿದ. ಮೇಸ್ತ್ರಿ ನಗಲಿಲ್ಲ. ಎರಡು ಬಗೆಯ ಪಟ್ಟಿಗಳನ್ನು ತಂದು ಬೆಂಚಿನ ಮೇಲೆ ಇಟ್ಟ. ಒಂದು ತೇಗ: ಹೊಂಬಣ್ಣ, ಒಳಗೆ ಎಣ್ಣೆಯ ಜಿಡ್ಡು, ತುದಿಯಲ್ಲಿ ನೆಟ್ಟಗೆ ನಿಂತ ಎಳೆಗಳು, ಹೊಟ್ಟೆ ತುಂಬ ಉಂಡು ತೇಗಿದವರ ಹಾಗೆ ನಿಶ್ಚಿಂತೆಯ ಮರ. ಇನ್ನೊಂದು ಬೀಟೆ: ಕಪ್ಪಿಗೆ ಸಮೀಪದ ನೇರಳೆ, ಬೆರಳಲ್ಲಿ ತಟ್ಟಿದರೆ ಕಬ್ಬಿಣದ ದನಿ. ಯಾವುದನ್ನು ಆರಿಸಿದರೂ ನಾಲ್ಕು ಪಟ್ಟಿ ಸೀಳಿ, ಒಂದರ ಎಳೆ ಬಲಕ್ಕೆ ವಾಲಿದರೆ ಪಕ್ಕದ್ದು ಎಡಕ್ಕೆ ವಾಲುವಂತೆ ತಿರುಗಿಸಿ ಅಂಟಿಸಬೇಕು. ಜಗಳಗಂಟ ಅಣ್ಣತಮ್ಮಂದಿರನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿಹಾಕಿದಂತೆ. ಯಾರೂ ಯಾವ ಕಡೆಗೂ ವಾಲಲಾಗದೆ ದಿಂಡು ನೆಟ್ಟಗಿರುತ್ತದೆ. ಕ್ಷೌರಿಕನ ಅಂಗಡಿಯಲ್ಲಿ ತೂಗುತ್ತಿದ್ದದ್ದು ಬೀಟೆಯ ಕೋವಿ. ಹೊಡೆದಾಗ ಒದೆಯುವುದಿಲ್ಲ, ಈಟಿ ಗುರಿಯಿಟ್ಟ ಕಡೆಗೇ ಹೋಗುತ್ತದೆ. ಮೀಟರನಿಗೆ ಅದೇ ಬೇಕಿತ್ತು. ಅದೇ ಬಣ್ಣ, ಅದೇ ಭಾರ.

ಮೇಸ್ತ್ರಿ ಎರಡರಲ್ಲೂ ಒಂದೊಂದು ಪಟ್ಟಿಗೆ ಕೋವಿಯ ಕುದುರೆಯಷ್ಟೇ ತೂಕದ ಕಬ್ಬಿಣ ಕಟ್ಟಿ ತೊಟ್ಟಿಗೆ ಬಿಟ್ಟ. ತೇಗ ಒಮ್ಮೆ ಮುಳುಗಿ ಮೇಲೆದ್ದು ಬೆನ್ನು ತೋರಿಸಿತು. ಬೀಟೆ ಅವಸರವಿಲ್ಲದೆ ಕೆಳಗೆ ಹೋಗಿ ತಳ ಸೇರಿತು.

"ಇದು ಲಕ್ಷಣವಾಗಿದೆ" ಎಂದ ಸ್ಟೋರ್‌ಕೀಪರ್ ಬೀಟೆಯ ಕಡೆ ಬೆರಳು ಮಾಡಿ. "ಸೋಫಾಕ್ಕೂ ಆಗುತ್ತೆ."

"ಆಗುತ್ತೆ" ಎಂದ ಮೇಸ್ತ್ರಿ. "ಸೋಫಾ ಮುಳುಗಲ್ಲ. ಇದು ಈಟಿ ಬಿಟ್ಟ ಮೇಲೆ ಕೆಳಗೆ ಹೋಗುತ್ತೆ ಸಾರ್. ಹಗ್ಗ ನಿಮ್ಮ ಕೈಲಿರುತ್ತೆ. ನೀವು ಬಿಟ್ರೆ ಇವರು ಅದರ ಹಿಂದೆ ಹೋಗ್ತಾರೆ. ಹೋಗಲ್ಲ ಅಂತ ಎಲ್ಲಾರೂ ಹೇಳ್ತಾರೆ, ಎಲ್ಲಾರೂ ಹೋಗ್ತಾರೆ. ಉಸಿರು ಮುಗಿದಿರೋದು ಆಗ ನೆನಪಿರಲ್ಲ."

ಸ್ಟೋರ್‌ಕೀಪರನ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ಅವನು, ನಾನು ನಿಜವಾಗಲೂ ಬರೋದು ಬೇಡ ತಾನೇ ಎಂದು ಕೇಳಿದ. ಬೇಡ ಎಂದ ಮೀಟರ್. ಹಾಗಾದರೆ ಹಗ್ಗ, ಎಂದ ಸ್ಟೋರ್‌ಕೀಪರ್. ನೋಡೋಣ, ಎಂದ ಮೀಟರ್. ನೋಡಲು ಏನೂ ಇರಲಿಲ್ಲ. ಸುಳ್ಳು ಹೇಳಿದರೆ ಕೋವಿ ಸಿಗುತ್ತದೆ, ಆದರೆ ಅದು ಮುಳುಗುವ ಕೋವಿ. ತೇಲುವ ಮರ ಕೇಳಿದರೆ ಹಗ್ಗ ಹಿಡಿಯುವವನಿಲ್ಲ ಎಂಬ ನಿಜ ಹೊರಬಿದ್ದು ಕೋವಿಯೇ ಇಲ್ಲ, ನೀರೂ ಇಲ್ಲ. ಉಳಿಯುವುದು ಇಸ್ತ್ರಿಪೆಟ್ಟಿಗೆ.

ಪಟ್ಟಿಗಳು ನೆರಳಲ್ಲಿ ಇನ್ನೊಂದಿಷ್ಟು ಒಣಗಬೇಕು, ಎರಡು ವಾರ ಬಿಟ್ಟು ಬಾ, ಎಂದಿದ್ದ ಮೇಸ್ತ್ರಿ. ಎಣ್ಣೆ ಹಚ್ಚಿ ನೋಡಿಕೋ ಎಂದು ಬೀಟೆಯ ಮೊಳದುದ್ದದ ತುಂಡೊಂದನ್ನೂ ಕೊಟ್ಟಿದ್ದ.

ನಡುವಿನ ಭಾನುವಾರ ಮಧ್ಯಾಹ್ನ ಮೀಟರ್ ಆ ತುಂಡನ್ನು ಚೀಲದಲ್ಲಿಟ್ಟುಕೊಂಡು, ಕ್ಷೌರಿಕನ ಜೊತೆ ಇಳಿಯುತ್ತಿದ್ದ ಹಳೆಯ ಜಾಗಕ್ಕೆ ಹೋದ. ನೀರುಕನ್ನಡಕದ ಧೂಳು ತೊಳೆದ. ಮರಕ್ಕೆ ಕೆಳಗಿನ ಅಂಗಡಿಯವನು ಬಿಸಾಡಿದ್ದ ಕೆಟ್ಟ ಬೀಗವೊಂದನ್ನು ಬಿಗಿದಿದ್ದ. ಸುಮಾರಾಗಿ ಕುದುರೆಯ ತೂಕ. ಎಷ್ಟು ವೇಗವಾಗಿ ಮುಳುಗುತ್ತದೆ ಎಂದು ಮೇಲಿಂದ ನೋಡುವುದು, ಅಷ್ಟೇ ಉದ್ದೇಶ. ಅಂಕಿ ಓದುವವನಲ್ಲವೇ, ಲೆಕ್ಕ ಬೇಕಿತ್ತು.

ಮೊದಲು ಒಂದು ಸಲ ಬರಿಗೈಯಲ್ಲಿ ಇಳಿದು ಬಂದ. ಹತ್ತು ತಿಂಗಳ ಮೇಲೆ ಕಿವಿಯಲ್ಲಿ ನೀರು ಒತ್ತಿದಾಗ ಹಳೆಯ ಮನೆಗೆ ಬಂದಂತಾಯಿತು. ಬಂಡೆಗಳು ಇದ್ದಲ್ಲೇ ಇದ್ದವು. ಮೇಲೆ ಬಂದು, ಏದುಸಿರು ಇನ್ನೂ ಇಳಿಯುವ ಮುಂಚೆಯೇ ಮರದ ತುಂಡನ್ನು ಕೈಬಿಟ್ಟ. ಒಂದು, ಎರಡು, ಮೂರು ಎಂದು ಎಣಿಸಿದ. ಅದು ಮಗ್ಗುಲು ತಿರುಗಿಸುತ್ತಾ, ಕಪ್ಪು ಕಂದಾಗಿ, ಕಂದು ಹಸಿರಾಗಿ ಇಳಿಯಿತು. ಏಳರ ತನಕ ಎಣಿಸಿದ್ದು ಅವನಿಗೆ ನೆನಪಿದೆ. ಎಂಟು ಎನ್ನುವಾಗ ಅವನು ತಲೆ ಕೆಳಗಾಗಿ ಅದರ ಹಿಂದೆ ಹೋಗುತ್ತಿದ್ದ.

ಮೊಳದುದ್ದದ ಕಟ್ಟಿಗೆ, ಒಂದು ಕೆಟ್ಟ ಬೀಗ. ತಳ ಮುಟ್ಟಲು ಇನ್ನೊಂದು ಆಳುದ್ದ ಇರುವಾಗ ಕೈಗೆ ಸಿಕ್ಕಿತು. ಸಿಕ್ಕಿತು ಎಂದು ಸಂತೋಷವಾಯಿತು ಕೂಡ. ಆಮೇಲೆ ಮೇಲೆ ನೋಡಿದ. ಬೆಳಕು ತುಂಬ ದೂರ ಇತ್ತು. ಎದೆ ತಾನಾಗಿಯೇ ಎಗರತೊಡಗಿತ್ತು. ಹೇಗೆ ಬಂದನೋ, ಬಂಡೆಯ ಅಂಚು ಹಿಡಿದಾಗ ಕಣ್ಣಿನ ಸುತ್ತ ಕಪ್ಪು ಚೌಕಟ್ಟು ಕಟ್ಟಿತ್ತು. ಬೆಳಗ್ಗೆ ತಿಂದದ್ದೆಲ್ಲ ವಾಂತಿಯಾಯಿತು. ಅಂಗೈ ತರಚಿ ರಕ್ತ ಬಂದಿತ್ತು. ಮರದ ತುಂಡು ಇನ್ನೂ ಕೈಯಲ್ಲೇ ಇತ್ತು.

ಉಸಿರು ಸರಿಯಾದ ಮೇಲೆ ಅವನು, ಕ್ಷೌರಿಕ ಇರುತ್ತಿದ್ದ ಪಕ್ಕಕ್ಕೆ ತಿರುಗಿ, "ನೋಡಿದ್ಯಾ?" ಎಂದ. ಬಾಯಲ್ಲಿ ಕೊಳವೆ ಇಲ್ಲದೆ ಆ ಜಾಗದಲ್ಲಿ ಅವನು ಆಡಿದ ಮೊದಲ ಮಾತು ಬಹುಶಃ ಅದೇ. ಪಕ್ಕದ ಬಂಡೆಯ ಮೇಲೆ ಏಡಿಯೊಂದಿತ್ತು. ಅದು ಅಡ್ಡಡ್ಡ ನಡೆದು ಸಂದಿಗೆ ಹೋಯಿತು.

ಮುಂದಿನ ಭಾನುವಾರ ಮೀಟರ್ ಕಾರ್ಖಾನೆಗೆ ಹೋದಾಗ ಬೀಟೆಯ ನಾಲ್ಕು ಪಟ್ಟಿಗಳು ಬೆಂಚಿನ ಮೇಲೆ ಸಾಲಾಗಿ ಮಲಗಿದ್ದವು. ಬಿಗಿಯುವ ಕ್ಲಾಂಪುಗಳು ಬಾಯಿ ತೆರೆದು ಕಾದಿದ್ದವು. ಮೇಸ್ತ್ರಿ ಎರಡು ಡಬ್ಬಿಯ ಅಂಟನ್ನು ಒಂದು ಬಟ್ಟಲಿಗೆ ಸುರಿದು ಕಡ್ಡಿಯಿಂದ ತಿರುವುತ್ತಿದ್ದ. ಬೆರೆಸುವ ತನಕ ಎರಡೂ ಸಾಧು. ಬೆರೆಸಿದ ಮೇಲೆ ಅರ್ಧ ಗಂಟೆ ಗಡುವು, ಆಮೇಲೆ ಕಲ್ಲು.

ಅವರು ಬರಲಿಲ್ವಾ, ಎಂದ ಮೇಸ್ತ್ರಿ. ಹುಷಾರಿಲ್ಲ ಎಂದು ಹೇಳಲು ಮೀಟರ್ ಬಸ್ಸಿನಲ್ಲಿ ಮೂರು ಬಗೆಯ ಕಾಯಿಲೆ ತಯಾರು ಮಾಡಿಕೊಂಡು ಬಂದಿದ್ದ. ಬಟ್ಟಲಿನಿಂದ ಬಿಸಿ ಏಳಲು ಶುರುವಾಗಿತ್ತು.

"ಹಾಕಲಾ?" ಎಂದು ಕೇಳಿದ ಮೇಸ್ತ್ರಿ, ಕುಂಚ ಅದ್ದಿಕೊಂಡು.

ಮೀಟರ್ ತರಚಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬೇಡ ಮೇಸ್ತ್ರಿ. ಹಗ್ಗ ಹಿಡಿಯೋರು ಯಾರೂ ಇಲ್ಲ."

ಹೇಳಿದ ಮೇಲೆ ಇನ್ನೇನಾದರೂ ಸೇರಿಸಬೇಕೆನಿಸಿತು. ಮರದ ತುಂಡಿನ ಹಿಂದೆ ಹೋದದ್ದನ್ನು, ಎಂಟರ ತನಕವೂ ಎಣಿಸಲಾಗದ್ದನ್ನು, ಬೀಗವನ್ನು, ಏಡಿಯನ್ನು, ಎಲ್ಲವನ್ನೂ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಮುಂದೆ ತಪ್ಪೊಪ್ಪಿಕೊಳ್ಳುವವನ ಹಾಗೆ ಕ್ರಮವಾಗಿ ಹೇಳಿದ. ಮೇಸ್ತ್ರಿ ಕುಂಚವನ್ನು ಬಟ್ಟಲಿನಲ್ಲೇ ಬಿಟ್ಟು ಸ್ಟೂಲಿನ ಮೇಲೆ ಕೂತ. ಒಂಟಿಯವರಿಗೆ ನಾನು ಮಾಡಲ್ಲ, ಗೊತ್ತಲ್ಲ, ಎಂದ. ಗೊತ್ತು ಎಂದ ಮೀಟರ್. ಆದರೂ ಹೊರಡಲಿಲ್ಲ. ಮೇಸ್ತ್ರಿಯೂ ಹೋಗು ಎನ್ನಲಿಲ್ಲ. ಇಬ್ಬರೂ ಬಟ್ಟಲನ್ನೇ ನೋಡುತ್ತಾ ಕೂತರು. ಅಂಟು ಮೊದಲು ಜೇನಾಯಿತು, ಆಮೇಲೆ ಮೇಣವಾಯಿತು, ಆಮೇಲೆ ಕುಂಚ ಅದರ ನಡುವೆ ತಾನೇ ನಿಂತಿತು. ಬಹಳ ಹೊತ್ತಿನ ಮೇಲೆ ಮೇಸ್ತ್ರಿ ಬಟ್ಟಲು ಎತ್ತಿ ತಲೆಕೆಳಗು ಮಾಡಿದ. ಏನೂ ಬೀಳಲಿಲ್ಲ.

"ನಿಂತರೆ ಕುತ್ತಿಗೆ ತನಕ ಬರೋ ನೀರು" ಎಂದ ಮೇಸ್ತ್ರಿ. "ಅದಕ್ಕಿಂತ ಆಳಕ್ಕೆ ಹೋಗಲ್ಲ ಅಂದ್ರೆ ಚಿಕ್ಕದೊಂದು ಮಾಡ್ತೀನಿ. ಗಿಡ್ಡದು. ಒಂದೇ ರಬ್ಬರು, ಅದೂ ತೆಳ್ಳಂದು. ಆಳಕ್ಕೆ ತಗೊಂಡು ಹೋದ್ರೂ ಪ್ರಯೋಜನ ಇರಬಾರದು, ಹಾಗೆ. ದೊಡ್ಡ ಮೀನು ಬೀಳಲ್ಲ."

"ದೊಡ್ಡದು ಬಿದ್ರೆ ತಿನ್ನೋಕೆ ಯಾರಿದ್ದಾರೆ ಮೇಸ್ತ್ರಿ."

ಮೇಸ್ತ್ರಿ ಬೀಟೆಯ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಅಟ್ಟಕ್ಕೆ ಇಟ್ಟ. ಮೂಲೆಯ ಕಡೆ ಗಲ್ಲ ಎತ್ತಿ, ಅಲ್ಲಿವೆ, ಆರಿಸು, ಎಂದ. ಮರ ಆರಿಸಲು ಹಗ್ಗ ಹಿಡಿಯುವವನೇ ಬೇಕು ಎಂಬುದನ್ನು ಇಬ್ಬರೂ ಎತ್ತಲಿಲ್ಲ.

ಮೀಟರ್ ತೇಗದ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ತುದಿಗಳನ್ನು ಹೆಬ್ಬೆರಳಲ್ಲಿ ಒರೆಸಿ ಎಳೆ ನೋಡಿದ, ಗಂಟಿದ್ದದ್ದನ್ನು ಬದಿಗಿಟ್ಟ, ಒಂದಕ್ಕೊಂದು ತಟ್ಟಿ ಕೇಳಿದ. ಒಂದು ಗಂಟೆ ಹಿಡಿಯಿತು. ಕೊನೆಗೆ ನಾಲ್ಕು ಪಟ್ಟಿ ತೊಟ್ಟಿಗೆ ಬಿಟ್ಟಾಗ ಮೂರು ತೇಲಿದವು, ಒಂದು ಅರೆಮುಳುಗಿ ನಿಂತಿತು. ಅದನ್ನು ತೆಗೆದು ಬೇರೆ ಆರಿಸಿದ.

ಕೋವಿ ಸಿದ್ಧವಾದದ್ದು ಇನ್ನೂ ಮೂರು ವಾರಕ್ಕೆ. ಆ ಭಾನುವಾರ ಮೀಟರ್ ಬಂಡೆಗಳ ಕಡೆ ಹೋಗದೆ ಮರಳಿನ ಕಡೆ ಹೋಗಿ, ನೀರು ಕುತ್ತಿಗೆ ಮುಟ್ಟುವಲ್ಲಿ ನಿಂತ. ರಬ್ಬರು ಎಳೆಯಲು ಎದೆಯೇ ಬೇಕಾಗಲಿಲ್ಲ, ತೋಳು ಸಾಕಾಯಿತು. ಮುಖ ಮುಳುಗಿಸಿ, ಅಂಗೈಯಗಲದ ಮೀನೊಂದು ಕಂಡಾಗ ಕುದುರೆ ಎಳೆದ. ಈಟಿ ಮರಳಿಗೆ ಚುಚ್ಚಿಕೊಂಡಿತು. ಮೀನು ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂದು ನಿಂತಿತು, ಏನು ವಿಷಯ ಎಂದು ಕೇಳುವಂತೆ. ಕೈಬಿಟ್ಟ ಕೋವಿ ಪಕ್ಕದಲ್ಲಿ ಮೇಲೆದ್ದು ಬೆನ್ನು ಒಣಗಿಸಿಕೊಳ್ಳುತ್ತಿತ್ತು. ಅದನ್ನು ಹಿಡಿಯಲು ಎಲ್ಲಿಗೂ ಹೋಗಬೇಕಿರಲಿಲ್ಲ. ಕೈ ಚಾಚಿ ತೆಗೆದುಕೊಂಡು, ಈಟಿ ಕಿತ್ತು, ಮತ್ತೆ ಹೂಡಿದ. ಬಿಸಿಲು ಇಳಿಯುವ ತನಕ ಅಲ್ಲೇ ಇದ್ದ, ಕಾಲು ನೆಲದ ಮೇಲೆ ಇಟ್ಟುಕೊಂಡು, ಯಾರೂ ಎಣಿಸದ ಉಸಿರನ್ನು ಒಂದರ ಹಿಂದೆ ಒಂದು ಎಳೆದುಕೊಳ್ಳುತ್ತಾ.